ಗುಬ್ಬಿಯ ಪರದೆ, ಅತ್ತಿಗೆಯ ಪುಟ

ಇಪ್ಪತ್ತೆರಡು ವರ್ಷ ಪತ್ರಿಕೆಯ ಪುಟ ಕಟ್ಟಿದ ಹೆಂಗಸನ್ನು ಏಕಾಏಕಿ ಮನೆಯಲ್ಲಿ ಕೂರಿಸಿದರೆ ಏನಾಗುತ್ತದೆ ಎಂದು ತಿಳಿಯಬೇಕಾದವರು ಗುಬ್ಬಿಯ ಅಣ್ಣನನ್ನು ಕೇಳಬೇಕು. ಪತ್ರಿಕೆಯವರು ಪುಟ ವಿನ್ಯಾಸದ ವಿಭಾಗವನ್ನೇ ಮುಚ್ಚಿ, ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ಅವನ ಹೆಂಡತಿಯ ಕೈಗೆ ಒಂದು ಹೂಗುಚ್ಛ ಕೊಟ್ಟು ಕಳಿಸಿದ ಮೇಲೆ, ಮೂರೇ ತಿಂಗಳಲ್ಲಿ ಅವರ ಅಡುಗೆಮನೆಯ ಡಬ್ಬಗಳು ನಾಲ್ಕು ಸಲ ಜಾಗ ಬದಲಿಸಿದವು. ಸಕ್ಕರೆ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು.

"ನಾಳೆ ನನ್ನನ್ನೂ ಎತ್ತಿ ಯಾವುದಾದ್ರೂ ಶೆಲ್ಫಲ್ಲಿ ಇಟ್ಬಿಡ್ತಾಳೆ ಕಣೇ," ಎಂದು ಅವನು ತಂಗಿಯ ಮುಂದೆ ಗೋಗರೆದ. "ನಿನ್ನ ಕೈ ಮುಗೀತೀನಿ, ಇವಳಿಗೆ ಏನಾದ್ರೂ ಕೆಲಸ ಕೊಡು."

ತಂಗಿ ಎಂದರೆ ಗುಬ್ಬಿ. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಮನೆಯವರು ಇಟ್ಟ ಹೆಸರು. ಈಗ ನಲವತ್ತು ದಾಟಿ, ಬಾಗಿಲಲ್ಲಿ ತಲೆ ತಗ್ಗಿಸಿಕೊಂಡು ಬರುವಷ್ಟು ಉದ್ದ ಬೆಳೆದಿದ್ದರೂ ಆ ಹೆಸರು ಅವಳನ್ನು ಬಿಟ್ಟಿಲ್ಲ. ಅವಳದೊಂದು ರೆಕಾರ್ಡಿಂಗ್ ಸ್ಟುಡಿಯೋ ಇದೆ. ಎರಡು ಕೋಣೆ, ನಡುವೆ ದಪ್ಪ ಗಾಜು. ಗಾಜಿನ ಆಚೆ ಹಾಡುವವರು, ನುಡಿಸುವವರು. ಈಚೆ ಗುಬ್ಬಿ ಮತ್ತು ಅವಳ ಕಂಪ್ಯೂಟರ್. ನಾಟಕಗಳಿಗೆ ಹಿನ್ನೆಲೆ ಸಂಗೀತ ಮಾಡಿಕೊಡುವುದು ಅವಳ ಕಸುಬು, ಅದರಲ್ಲಿ ಅವಳದು ಎತ್ತಿದ ಕೈ. ಸಹಾಯಕ್ಕಿದ್ದವಳು ಬೇರೆ ಊರಿಗೆ ಹೋದಮೇಲೆ ಕಂಪ್ಯೂಟರಿನ ಮುಂದೆ ಕೂರಲು ಇನ್ನೊಂದು ಜೊತೆ ಕೈ ಬೇಕಾಗಿತ್ತು.

"ಒಂದು ವಾರ ನೋಡೋಣ ಅತ್ತಿಗೆ," ಎಂದಳು ಗುಬ್ಬಿ. "ಸರಿಹೋಗ್ಲಿಲ್ಲ ಅಂದ್ರೆ ಮುಖದ ಮೇಲೇ ಹೇಳ್ತೀನಿ. ಮನೆ ವಿಷಯ ಬೇರೆ, ಇದು ಬೇರೆ. ಆಮೇಲೆ ಅಣ್ಣನ ಹತ್ರ ಹೋಗಿ ಮೂಗೊರೆಸ್ಕೋಬಾರದು."

"ಹೇಳು. ನಾನೇನು ಬಿಸಿಲಿಗಿಟ್ಟ ಬೆಣ್ಣೆನಾ, ಕರಗಿಹೋಗೋಕೆ," ಎಂದಳು ಅತ್ತಿಗೆ.

ಬಾಯಲ್ಲಿ ಹಾಗೆ ಅಂದಳು, ಅಷ್ಟೆ. ಒಳಗೆ ಅವಳಿಗೆ ಆ ಕುರ್ಚಿ ಬೇಕೇಬೇಕಿತ್ತು. ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು ಎಲ್ಲಿಗಾದರೂ ಹೋಗಲು ಒಂದು ಕಾರಣ ಬೇಕಿತ್ತು. ಹೋದಲ್ಲಿ ತನ್ನ ಕೈಗೆ ಬೆಲೆ ಇರಬೇಕಿತ್ತು. ಈ ಮೂರು ತಿಂಗಳು ತಾನು ಯಾರಿಗೂ ಬೇಡವಾದವಳು ಎಂಬ ಮಾತು ಒಳಗೊಳಗೇ ಅವಳನ್ನು ಕೊರೆಯುತ್ತಿತ್ತು, ಅದನ್ನು ಗಂಡನ ಮುಂದೂ ಅವಳು ಆಡಿರಲಿಲ್ಲ.

ಸೋಮವಾರ ಮೊದಲ ಸಲ ಗುಬ್ಬಿಯ ಪರದೆ ನೋಡಿದಾಗ ಅತ್ತಿಗೆಗೆ ಜೀವ ಬಾಯಿಗೆ ಬಂತು.

ಸಂಗೀತದ ಸಾಫ್ಟ್‌ವೇರ್ ಎಂದರೆ ಒಂದು ಪರದೆಯಲ್ಲಿ ಹತ್ತು ಕಿಟಕಿ. ಒಂದರಲ್ಲಿ ಟ್ರ್ಯಾಕ್‌ಗಳು, ಅಂದರೆ ಕೊಳಲಿಗೊಂದು, ಡೋಲಿಗೊಂದು, ಹೆಜ್ಜೆ ಸದ್ದಿಗೊಂದು ಎಂದು ಒಂದರ ಕೆಳಗೊಂದು ಮಲಗಿದ ಪಟ್ಟಿಗಳು. ಇನ್ನೊಂದರಲ್ಲಿ ಮಿಕ್ಸರ್, ಯಾವ ಸದ್ದು ಎಷ್ಟು ಎಂದು ಏರಿಸಿ ಇಳಿಸುವ ಗುಂಡಿಗಳ ಸಾಲು. ಪ್ರತಿ ವಾದ್ಯಕ್ಕೂ, ಪ್ರತಿ ಪರಿಣಾಮಕ್ಕೂ ಮತ್ತೊಂದು ಪುಟ್ಟ ಕಿಟಕಿ. ಗುಬ್ಬಿಯ ಪರದೆಯಲ್ಲಿ ಇವೆಲ್ಲ ಒಂದರ ಮೈಮೇಲೊಂದು ಬಿದ್ದುಕೊಂಡಿದ್ದವು. ಮಿಕ್ಸರಿನ ಅರ್ಧ ಪರದೆಯಾಚೆ ಜಾರಿಹೋಗಿತ್ತು. ಏನಾದರೂ ಬೇಕೆಂದರೆ ಗುಬ್ಬಿ ಒಂದನ್ನು ಎಳೆದು, ಎರಡನ್ನು ಮುಚ್ಚಿ, ಮೂರನೆಯದರ ಹಿಂದೆ ಇಣುಕಿ, "ಇಲ್ಲೇ ಇತ್ತಲ್ಲ, ಎಲ್ಲಿ ಹಾಳಾಗ್ಹೋಯ್ತು," ಎಂದು ಗೊಣಗುತ್ತಿದ್ದಳು. ಹನ್ನೆರಡು ವರ್ಷದಿಂದ ಹೀಗೇ. ಅವಳ ಕಿವಿ ಬಂಗಾರ, ಪರದೆ ಮಾತ್ರ ದೊಂಬಿ.

ಅತ್ತಿಗೆಗೆ ಸಂಗೀತದ ಗಂಧಗಾಳಿ ಇರಲಿಲ್ಲ. ತಾಳ ತಪ್ಪಿದರೆ ಅವಳಿಗೆ ಗೊತ್ತಾಗುತ್ತಿದ್ದುದು ಪಕ್ಕದವರು ಮುಖ ಗಂಟಿಕ್ಕಿದಾಗ ಮಾತ್ರ. ಆದರೆ ಪುಟ ಎಂದರೆ ಅವಳಿಗೆ ಗೊತ್ತು. ಓದುವವನ ಕಣ್ಣು ಮೊದಲು ಎಲ್ಲಿ ಬೀಳುತ್ತದೆ, ಅಲ್ಲಿಂದ ಎಲ್ಲಿಗೆ ಇಳಿಯುತ್ತದೆ, ಯಾವುದು ಮೇಲಿರಬೇಕು, ಯಾವುದನ್ನು ಬಾಕ್ಸ್ ಕಟ್ಟಿ ಮೂಲೆಗೆ ಕೂರಿಸಬೇಕು, ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ದೊಂಬಿಯನ್ನು ನೋಡುತ್ತ ಕೂತವಳಿಗೆ ಕೈ ತುರಿಸತೊಡಗಿತು.

ಮಂಗಳವಾರ ಗುಬ್ಬಿ ಯಾವುದೋ ಹಳೇ ಕಟ್ಟಡದ ಬಾಗಿಲಿನ ಕಿರ್‍ರೆಂಬ ಸದ್ದು ಹಿಡಿದು ತರಲು ಮೈಕ್ ಹೊತ್ತು ಹೋದಳು. ಬರುವುದು ಮೂರು ಗಂಟೆಯಾಗುತ್ತದೆ ಎಂದಳು. ಬಾಗಿಲು ಮುಚ್ಚಿದ್ದೇ ತಡ, ಅತ್ತಿಗೆ ಸೆರಗು ಸಿಕ್ಕಿಸಿ ಕೂತಳು.

ಟ್ರ್ಯಾಕ್‌ಗಳ ಕಿಟಕಿಯನ್ನು ಮುಖ್ಯ ಸುದ್ದಿಯ ಹಾಗೆ ಮೇಲೆ ಅಗಲಕ್ಕೆ ಹಾಸಿದಳು. ಮಿಕ್ಸರನ್ನು ಕೆಳಗೆ, ಈ ತುದಿಯಿಂದ ಆ ತುದಿಗೆ, ಒಂದು ಗುಂಡಿಯೂ ಆಚೆ ಹೋಗದಂತೆ ಎಳೆದು ಕೂರಿಸಿದಳು. ಚೆಲ್ಲಾಪಿಲ್ಲಿಯಾಗಿದ್ದ ಪುಟ್ಟ ಕಿಟಕಿಗಳನ್ನೆಲ್ಲ ಬಲಗಡೆ ಒಂದೇ ಕಾಲಂನಲ್ಲಿ ನಿಲ್ಲಿಸಿದಳು. ನಾಟಕದ ದೃಶ್ಯಗಳ ಪಟ್ಟಿ ಎಡಕ್ಕೆ. ಈ ಸಾಫ್ಟ್‌ವೇರಿನಲ್ಲಿ ಒಂದು ಜೋಡಣೆಯನ್ನು ಇದ್ದ ಹಾಗೇ ಉಳಿಸಿ ಕೀಬೋರ್ಡಿನ ಒಂದು ಅಂಕಿಗೆ ಕಟ್ಟಿಹಾಕಬಹುದು ಎಂದು ಅವಳೇ ಹುಡುಕಿ ತಿಳಿದುಕೊಂಡಳು. ಒಂದು ಒತ್ತಿದರೆ ರೆಕಾರ್ಡಿಂಗಿಗೆ ಬೇಕಾದ ಪುಟ. ಎರಡು ಒತ್ತಿದರೆ ಕತ್ತರಿಸಿ ಅಂಟಿಸುವ ಪುಟ. ಮೂರು ಒತ್ತಿದರೆ ಎಲ್ಲ ಸದ್ದನ್ನೂ ಬೆರೆಸಿ ಹದ ಮಾಡುವ ಪುಟ.

ಕೊನೆಗೆ ಉಳಿದದ್ದು ಟ್ರ್ಯಾಕ್‌ಗಳ ಬುಡದಲ್ಲಿ, ಮೂರನೇ ದೃಶ್ಯದಿಂದ ಮುಂದಕ್ಕೆ ಅಲ್ಲೊಂದು ಇಲ್ಲೊಂದು ಬಿದ್ದಿದ್ದ ಹದಿನಾಲ್ಕು ಹಳೇ ಪಟ್ಟಿಗಳು. 'ಟ್ರಯಲ್', 'ಟ್ರಯಲ್ ಹೊಸದು', 'ಟ್ರಯಲ್ ಹೊಸದು ಹಳೇದು' ಎಂದು ಅವುಗಳ ಹೆಸರು. ಎಲ್ಲಕ್ಕೂ ಮ್ಯೂಟ್ ಒತ್ತಿ ಬಾಯಿ ಕಟ್ಟಲಾಗಿತ್ತು. ಅಳಿಸುವುದು ತಪ್ಪು, ಅಷ್ಟು ವಿವೇಕ ಅವಳಿಗಿತ್ತು. ಹದಿನಾಲ್ಕನ್ನೂ ಹಿಡಿದು 'ಹೈಡ್' ಮಾಡಿದಳು. ಅವು ಪರದೆಯಿಂದ ಮರೆಯಾದವು, ಪುಟ ಹಗುರಾಯಿತು. ಪುಟದಲ್ಲಿ ಕಾಣದ್ದು ಪತ್ರಿಕೆಯಲ್ಲಿ ಇರುವುದಿಲ್ಲ ಎಂಬುದು ಇಪ್ಪತ್ತೆರಡು ವರ್ಷದ ಅಭ್ಯಾಸ. ಇದನ್ನು ಗುಬ್ಬಿಗೆ ಹೇಳಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ.

ಮೂರು ಗಂಟೆಗೆ ಗುಬ್ಬಿ ಬಂದು ಪರದೆ ನೋಡಿದಳು.

"ಅತ್ತಿಗೆ, ನನ್ನ ವಿಂಡೋಗಳೆಲ್ಲ ಎಲ್ಲಿ?"

"ಎಲ್ಲಾ ಇಲ್ಲೇ ಇವೆ. ಬಿದ್ದುಕೊಂಡಿದ್ದೋರನ್ನ ಎಬ್ಬಿಸಿ ಕೂರಿಸಿದೀನಿ, ಅಷ್ಟೆ."

"ನನ್ನ ಕೇಳ್ದೆ?"

"ಕೇಳಿದ್ರೆ ಬೇಡ ಅಂತಿದ್ದೆ."

ಅದು ನಿಜವಾಗಿದ್ದರಿಂದ ಗುಬ್ಬಿಗೆ ಇನ್ನಷ್ಟು ಸಿಟ್ಟು ಬಂತು. ಆ ದಿನ ಪೂರ್ತಿ ಅವಳು ಮುಖ ಊದಿಸಿಕೊಂಡೇ ಇದ್ದಳು. ಬುಧವಾರ ನಾಲ್ಕು ಸಲ "ನನಗೆ ಇದು ಆಗಿಬರಲ್ಲ" ಎಂದಳು. ಗುರುವಾರ ಎರಡು ಸಲ. ಶುಕ್ರವಾರ ಅತ್ತಿಗೆ ಓರೆಗಣ್ಣಲ್ಲಿ ನೋಡುತ್ತಾಳೆ, ಗುಬ್ಬಿಯ ಬೆರಳು ತಾನಾಗಿ ಒಂದು, ಎರಡು, ಮೂರು ಎಂದು ಓಡಾಡುತ್ತಿದೆ. ಗೊಣಗಾಟ ನಿಂತಿದೆ. ಅತ್ತಿಗೆ ಮನೆಗೆ ಹೋಗಿ ಗಂಡನ ಮುಂದೆ, "ನಿಮ್ಮ ತಂಗಿ ಬಾಯಲ್ಲಿ ಒಪ್ಪಲ್ಲ, ಬೆರಳು ಒಪ್ಕೊಂಡಿದೆ," ಎಂದು ಬೀಗಿದಳು. ಆ ಸಂಜೆ ಅವಳು ಒಂದು ಡಬ್ಬವನ್ನೂ ಮುಟ್ಟಲಿಲ್ಲವಂತೆ.

ಶನಿವಾರ ನಾಟಕದ ಮೇಡಂ ಬಂದರು.

ನಾಟಕ ಆಡಿಸುವವರು ಅವರೇ. ಕುಳ್ಳಗಿನ, ಎಣ್ಣೆ ಕಾಣದ ಬಿಳಿಗೂದಲಿನ, ಕೈಯಲ್ಲಿ ಸದಾ ಒಂದು ಪೆನ್ನು ಹಿಡಿದ ಹೆಂಗಸು. ಇನ್ನು ಹತ್ತು ದಿನಕ್ಕೆ ಮೊದಲ ಪ್ರದರ್ಶನ. ಇಂದು ಪೂರ್ತಿ ಕೇಳಿ ಮನಸ್ಸಿಗೆ ಬರದಿದ್ದರೆ ಇನ್ನೊಂದು ಸ್ಟುಡಿಯೋಗೆ ಹೋಗುತ್ತೇನೆ ಎಂದು ಮುಂಚೆಯೇ ಕಡ್ಡಿ ಮುರಿದಂತೆ ಹೇಳಿದ್ದರು. ಸ್ಟುಡಿಯೋದ ಭಾರೀ ಬಾಗಿಲು ಹಾಕಲು ಬಿಡಲಿಲ್ಲ. "ಮುಚ್ಚಿದ ಕೋಣೆ ನನಗಾಗಲ್ಲಮ್ಮ, ಉಸಿರು ಕಟ್ಟುತ್ತೆ," ಎಂದು ಅದಕ್ಕೊಂದು ಕುರ್ಚಿ ಅಡ್ಡ ಇಡಿಸಿದರು.

ನಾಟಕದವರಿಗೆ ಕೇಳಿಸುವ ಮುಂಚೆ ಗುಬ್ಬಿಗೊಂದು ರೂಢಿ ಇತ್ತು. ಎಲ್ಲ ಮ್ಯೂಟ್‌ಗಳನ್ನೂ ಒಂದೇ ಏಟಿಗೆ ತೆಗೆದುಹಾಕುವುದು, ಆಮೇಲೆ ಕಣ್ಣಾಡಿಸುತ್ತ ಬೇಡದ ಟ್ರ್ಯಾಕ್‌ಗಳಿಗೆ ಮತ್ತೆ ಮ್ಯೂಟ್ ಒತ್ತುವುದು. ಹಾಗೆ ಮಾಡಿದರೆ ಯಾವ ವಾದ್ಯವೂ ತಪ್ಪಿ ಬಾಯಿ ಮುಚ್ಚಿಕೊಂಡು ಉಳಿಯುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ಇಂದೂ ಹಾಗೇ ಮಾಡಿದಳು. ಪರದೆಯಲ್ಲಿ ಬೇಡದ್ದು ಯಾವುದೂ ಕಾಣಲಿಲ್ಲ. ಎಲ್ಲ ಚೊಕ್ಕಟ. ಪ್ಲೇ ಒತ್ತಿದಳು.

ಮೊದಲ ದೃಶ್ಯ ಸಾಗಿತು. ಎರಡನೆಯದೂ ಸಾಗಿತು, ಮೇಡಂ ತಲೆದೂಗಿದರು. ಮೂರನೆಯದು ನಾಟಕದ ಜೀವ. ತಾಯಿ ಸತ್ತ ಮೇಲೆ ಮಗಳು ಮನೆ ಖಾಲಿ ಮಾಡಿ, ಕೊನೆಯ ಸಲ ಬರಿಗೋಣೆಯಲ್ಲಿ ನಿಲ್ಲುತ್ತಾಳೆ. ಅಲ್ಲಿ ಒಂದೇ ಒಂದು ಕೊಳಲು. ಕೊಳಲು ಏರಿತು, ತೆಳ್ಳಗೆ, ಒಂಟಿಯಾಗಿ. ಅದರ ಅಡಿಯಿಂದ ಯಾರೋ ನೆಗಡಿ ಹಿಡಿದ ಮೂಗಿನಲ್ಲಿ "ಹ್ಞ ಹ್ಞ ಹ್ಞಾ" ಎಂದು ಜೊತೆಗೂಡಿದರು.

ಮೇಡಂ ಪೆನ್ನು ಎತ್ತಿದರು. "ಇದ್ಯಾರಮ್ಮ, ಮೂಗಲ್ಲಿ ಹಾಡ್ತಿರೋದು?"

ಗುಬ್ಬಿಯ ಮುಖ ಬಿಳಿಚಿತು. ಹಾಡುತ್ತಿದ್ದುದು ಗುಬ್ಬಿಯೇ. ತಿಂಗಳ ಹಿಂದೆ ನೆಗಡಿಯಲ್ಲಿದ್ದಾಗ, ಕೊಳಲಿನವನಿಗೆ ರಾಗ ಹೀಗೆ ಬರಬೇಕು ಎಂದು ತೋರಿಸಲು ಗುನುಗಿ ಹಾಕಿಕೊಟ್ಟದ್ದು. ಆ ಟ್ರ್ಯಾಕ್ ಎಲ್ಲಿ? ಮೇಲೆ ಕೆಳಗೆ ಹುಡುಕಿದಳು, ಇಲ್ಲ. ಕೊಳಲನ್ನು ಮ್ಯೂಟ್ ಮಾಡಿದಳು, ಮೂಗು ಹಾಡುತ್ತಲೇ ಇತ್ತು. ಡೋಲು, ಹೆಜ್ಜೆ, ಗಾಳಿ, ಬಾಗಿಲು, ಕಂಡಕಂಡದ್ದಕ್ಕೆಲ್ಲ ಮ್ಯೂಟ್ ಒತ್ತಿದಳು. ಪರದೆಯ ಮೇಲಿದ್ದವರೆಲ್ಲ ಬಾಯಿ ಮುಚ್ಚಿದರು. ಮೂಗು ಮಾತ್ರ ಯಾರ ಹಂಗೂ ಇಲ್ಲದೆ ಹಾಡಿತು.

"ದೆವ್ವ ಗಿವ್ವ ಸೇರ್ಕೊಂಡಿದೆಯಾ ಇದಕ್ಕೆ," ಎನ್ನುತ್ತ ಗುಬ್ಬಿ ತಂತಿಗಳನ್ನು ನೋಡಲು ಮೇಜಿನ ಕೆಳಗೆ ತೂರಿದಳು.

ಅತ್ತಿಗೆಗೆ ಆಗ ತಿಳಿಯಿತು. ಇಲ್ಲಿ ಕಾಣದ್ದು ಇಲ್ಲವೆಂದಲ್ಲ. ಮರೆಯಲ್ಲಿದ್ದರೂ ಅದು ಹಾಡುತ್ತದೆ. ಹದಿನಾಲ್ಕನ್ನು ಮರೆಗೆ ತಳ್ಳಿದವಳು ತಾನೇ.

ಗುಬ್ಬಿ ಮೇಜಿನ ಕೆಳಗಿದ್ದಳು, ಕಾಲು ಮಾತ್ರ ಕಾಣುತ್ತಿತ್ತು. ಮೇಡಂ ಗಾಜಿನಾಚೆ ನೋಡುತ್ತಿದ್ದರು. ಅತ್ತಿಗೆಯ ಕೈ ಕೀಬೋರ್ಡಿನ ಮೇಲೇ ಇತ್ತು. ಆ ಹದಿನಾಲ್ಕನ್ನು ಹೊರಗೆಳೆದು ಬಾಯಿ ಕಟ್ಟಿ ಮತ್ತೆ ಒಳಗೆ ತಳ್ಳಲು ನಾಲ್ಕು ಸೆಕೆಂಡು ಸಾಕು. ಗುಬ್ಬಿ ಎದ್ದು ಬಂದಾಗ ಸದ್ದು ನಿಂತಿರುತ್ತದೆ, ತಂತಿ ಅಲ್ಲಾಡಿಸಿದ್ದಕ್ಕೆ ಸರಿಹೋಯಿತು ಎಂದುಕೊಳ್ಳುತ್ತಾಳೆ. ಯಾರಿಗೂ ತಿಳಿಯುವುದಿಲ್ಲ. ವಾರ ಮುಗಿಯುತ್ತದೆ, ಕುರ್ಚಿ ಉಳಿಯುತ್ತದೆ.

ಬೆರಳು ಒಂದು ಕೀಲಿಯ ಮೇಲೆ ಹೋಗಿಯೂ ಹೋಯಿತು. ಆಮೇಲೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಎಷ್ಟು ಪುಟ ಕಟ್ಟಿದ್ದಳೋ, ಎಷ್ಟು ತಪ್ಪು ಅಚ್ಚಾಗಿದ್ದವೋ. ಅಚ್ಚಾದ ತಪ್ಪಿಗೆ ಮರುದಿನ ಅದೇ ಪುಟದಲ್ಲಿ ತಿದ್ದುಪಡಿ ಹಾಕದೆ ಅವಳು ಎಂದೂ ಮನೆಗೆ ಹೋದವಳಲ್ಲ. ಈಗ ಕದ್ದು ತಿದ್ದಿದರೆ ಈ ಪರದೆ ತನ್ನದು ಎಂದು ಹೇಳಿಕೊಳ್ಳಲು ಮುಖ ಎಲ್ಲಿರುತ್ತದೆ?

"ಗುಬ್ಬಿ, ಮೇಲೆ ಬಾ. ತಂತಿ ಸರಿಯಾಗಿದೆ," ಎಂದಳು. "ತಪ್ಪು ನಂದು. ಹಳೇ ಟ್ರಯಲ್‌ಗಳನ್ನ ಮಂಗಳವಾರ ನಾನೇ ಹೈಡ್ ಮಾಡಿದೆ. ನಿನಗೆ ಹೇಳ್ಲಿಲ್ಲ. ಕಾಣ್ದೆ ಇದ್ರೂ ಅವು ಕೇಳಿಸ್ತವೆ ಅಂತ ನನಗೆ ಗೊತ್ತಿರ್ಲಿಲ್ಲ."

ಗುಬ್ಬಿ ಎದ್ದಳು. ಏಳುವಾಗ ತಲೆ ಮೇಜಿಗೆ ತಾಗಿತು. ಹದಿನಾಲ್ಕನ್ನೂ ಹೊರಗೆಳೆದಳು, ಒಂದೊಂದಕ್ಕೂ ಮ್ಯೂಟ್ ಒತ್ತಿದಳು. ಮೂಗು ನಿಂತಿತು. ಅವಳ ಕಿವಿಗಳು ಕೆಂಪಾಗಿದ್ದವು.

"ಅತ್ತಿಗೆ, ನೀವು ಸ್ವಲ್ಪ ಹೊರಗೆ ಕೂತಿರಿ."

ಹೊರಗೆ, ಚಪ್ಪಲಿ ಬಿಡುವ ಜಾಗದ ಪಕ್ಕ ಒಂದು ಬೆಂಚು. ಅತ್ತಿಗೆ ಅಲ್ಲಿ ಕೂತಳು. ಮನೆಗೆ ಹೋಗಿಬಿಡೋಣವೆಂದರೆ ಕೈಚೀಲ ಒಳಗೇ ಉಳಿದಿತ್ತು, ಅದಕ್ಕಾಗಿ ಮತ್ತೆ ಆ ಬಾಗಿಲು ದಾಟುವ ಧೈರ್ಯ ಅವಳಲ್ಲಿರಲಿಲ್ಲ. ಕಣ್ಣು ಮಂಜಾಯಿತು. ಇನ್ನೇನು, ಮತ್ತೆ ಅಡುಗೆಮನೆಯ ಡಬ್ಬಗಳೇ ಗತಿ ಎಂದುಕೊಂಡಳು.

ಅಡ್ಡ ಇಟ್ಟ ಕುರ್ಚಿಯ ದೆಸೆಯಿಂದ ಬಾಗಿಲು ತೆರೆದೇ ಇತ್ತು. ಒಳಗಿನದೆಲ್ಲ ಕೇಳಿಸುತ್ತಿತ್ತು.

"ಹಳೇ ಥರಾನೇ ಹಾಕ್ಕೊಳ್ತೀನಿ ಮೇಡಂ. ಇನ್ನೂ ಏನೇನು ಬಚ್ಚಿಟ್ಟಿದಾರೋ," ಎಂದ ಗುಬ್ಬಿಯ ದನಿ ಅವಳಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಹಳೇ ಥರ ಎಂದರೆ ಆ ದೊಂಬಿ.

ಮೂರನೇ ದೃಶ್ಯ ಮುಗಿಯಿತು. ಮೇಡಂ, "ಬಾಗಿಲ ಸದ್ದು ಒಂದು ಉಸಿರಿನಷ್ಟು ಮುಂಚೆ ಬರ್ಲಿ," ಎಂದರು. ಮೌಸಿನ ಟಿಕ್. ಮತ್ತೆ ಟಿಕ್, ಟಿಕ್. ನಿಶ್ಶಬ್ದ. "ಇರಿ ಮೇಡಂ, ಅದು ಯಾವುದರ ಹಿಂದೆ ಹೋಯ್ತೋ." ಟಿಕ್. ಬೆಂಚಿನ ಮೇಲೆ ಅತ್ತಿಗೆ ತನ್ನಷ್ಟಕ್ಕೆ, ಎರಡು ಒತ್ತೇ, ಎಡಗಡೆ ಎರಡನೇ ಸಾಲು, ಎಂದುಕೊಂಡಳು. ಒಳಗೆ ಪೆನ್ನು ಮೇಜನ್ನು ಕುಟ್ಟತೊಡಗಿತು. ಕೊನೆಗೂ ಬಾಗಿಲು ಕಿರ್‍ರೆಂದಿತು.

"ಈಗ ಕೊಳಲು ಸ್ವಲ್ಪ ದೂರದಿಂದ ಬಂದ ಹಾಗೆ." ಟಿಕ್, ಟಿಕ್, ಎಳೆದದ್ದು, ಬಿಟ್ಟದ್ದು. ಪೆನ್ನಿನ ಕುಟ್ಟಾಟ ಜೋರಾಯಿತು.

"ಅಮ್ಮಾ, ನನಗೆ ಹೀಗೆ ಕಾಯೋಕಾಗಲ್ಲ," ಎಂದರು ಮೇಡಂ. "ನೀನು ಹುಡುಕೋಷ್ಟ್ರಲ್ಲಿ ನಾನು ಏನು ಕೇಳಿದ್ದೆ ಅನ್ನೋದೇ ಮರೆತುಹೋಗ್ತಿದೆ. ಈ ಕೆಲಸ ಬೇರೆ ಕಡೆ ನೋಡ್ಕೊಳ್ಳೋದೇ ವಾಸಿ ಅನ್ನಿಸ್ತಿದೆ."

ಅತ್ತಿಗೆ ಎದ್ದು ನಿಂತಳು. ಒಳಗೆ ಹೋಗಲೇ, ಬೇಡವೇ? ತನ್ನಿಂದಲೇ ಕೆಟ್ಟ ಕೆಲಸ, ತಾನೇ ಹೋಗಿ ಬಾಯಿ ಹಾಕುವುದು ಹೇಗೆ? ಕಾಲು ಹೊಸ್ತಿಲ ತನಕ ಹೋಗಿ ಅಲ್ಲೇ ನಿಂತುಬಿಟ್ಟಿತು.

ಆಗ ಒಳಗಿನಿಂದ ಬೇರೊಂದು ಸದ್ದು ಬಂತು. ಮೌಸಿನದಲ್ಲ. ಕೀಬೋರ್ಡಿನ ಒಂದೇ ಒಂದು ಕೀಲಿ, ಟಕ್. ಅದರ ಬೆನ್ನಿಗೇ ಕೊಳಲು, ದೂರದಿಂದ, ಇನ್ನೊಂದು ಕೋಣೆಯಿಂದ ಬಂದ ಹಾಗೆ.

"ಹ್ಞಾ, ಇದು," ಎಂದರು ಮೇಡಂ. "ಗಾಳಿ ತೆಗೆದುಬಿಡು." ಟಕ್. ಗಾಳಿ ಹೋಯಿತು. "ಮೊದಲನೇ ದೃಶ್ಯದ ಹೆಜ್ಜೆ ಸದ್ದು ಇಲ್ಲಿ ಒಂದ್ಸಲ ಬರಬಹುದಾ?" ಟಕ್, ಟಕ್. ಹೆಜ್ಜೆ ಬಂತು. ಕೇಳುವುದಕ್ಕೂ ಬರುವುದಕ್ಕೂ ನಡುವೆ ಉಸಿರೆಳೆದುಕೊಳ್ಳುವಷ್ಟು ಸಮಯವೂ ಇರಲಿಲ್ಲ. ಪೆನ್ನು ಸುಮ್ಮನಾಗಿತ್ತು.

ಅತ್ತಿಗೆಗೆ ಪರದೆ ಕಾಣುತ್ತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಗುಬ್ಬಿ ಅತ್ತಿಗೆಯ ಪುಟಕ್ಕೆ ಮರಳಿದ್ದಳು, ಅದರ ಮೇಲೆ ತನ್ನ ಮನೆಯಂಗಳದಲ್ಲಿ ಓಡಾಡುವ ಹಾಗೆ ಓಡಾಡುತ್ತಿದ್ದಳು. ಅತ್ತಿಗೆಗೆ ಎದೆ ಉಬ್ಬಿ ಬಂತು. ನಾಚಿಕೆ ಇನ್ನೂ ಹೋಗಿರಲಿಲ್ಲ, ಅದರ ಜೊತೆಗೇ ಇದೂ ಬಂತು, ತಡೆಯಲಾಗದಷ್ಟು. ಇದು ನಾನು ಕಟ್ಟಿದ್ದು, ಎಂದು ಚಪ್ಪಲಿಗಳ ಮುಂದೆ ನಿಂತು ಗಟ್ಟಿಯಾಗಿಯೇ ಹೇಳಿಕೊಂಡಳು.

ಸ್ವಲ್ಪ ಹೊತ್ತಿಗೆ ಗುಬ್ಬಿ ಬಾಗಿಲಿಗೆ ಬಂದಳು. ಮುಖದ ಗಂಟು ಸಡಿಲವಾಗಿರಲಿಲ್ಲ.

"ಒಳಗೆ ಬನ್ನಿ."

"ಮೂರು ಒತ್ತಿದೆಯಾ?"

"ಒತ್ತಿದೆ. ಆ ಕಾಡಲ್ಲಿ ನಾನು ಹನ್ನೆರಡು ವರ್ಷ ಹೇಗೆ ಬದುಕಿದ್ನೋ ಗೊತ್ತಿಲ್ಲ." ಗುಬ್ಬಿ ತಲೆ ಮೇಜಿಗೆ ತಾಗಿದ ಕಡೆ ಉಜ್ಜಿಕೊಂಡಳು. "ಕೋಪ ಇನ್ನೂ ಇಳಿದಿಲ್ಲ ಅತ್ತಿಗೆ. ಇನ್ಮೇಲೆ ಏನು ಮುಚ್ಚಿಟ್ರೂ ಮೊದಲು ನನಗೆ ಹೇಳಿ."

"ಹೇಳ್ತೀನಿ. ಎಷ್ಟು ಮರೆಯಲ್ಲಿವೆ ಅಂತ ಮೇಲ್ಗಡೆ ದಪ್ಪ ಅಂಕಿಯಲ್ಲಿ ಬರೆದೇ ಇಡ್ತೀನಿ. ನೀನೂ ಅಷ್ಟೆ, ನನ್ನ ಕೇಳ್ದೆ ಒಂದು ವಿಂಡೋನೂ ಜರುಗಿಸ್ಬೇಡ."

ಹೊರಗೆ ಕಳಿಸಲ್ಪಟ್ಟವಳು ಷರತ್ತು ಹಾಕುವುದನ್ನು ಕೇಳಿ ಗುಬ್ಬಿಯ ಹುಬ್ಬು ಮೇಲೇರಿತು. ಆಮೇಲೆ, "ಆಯ್ತು," ಎಂದಳು.

ಒಳಗೆ ಮೇಡಂ ಹಿಂದಿನ ಸೋಫಾದಲ್ಲಿ ಕೂತಿದ್ದರು. "ಈಗ ಮೊದಲಿಂದ ಕೊನೆತನಕ ಒಂದ್ಸಲ ಹಾಕಿ, ನಡುವೆ ನಿಲ್ಲಿಸ್ಬೇಡಿ," ಎಂದರು. ಗುಬ್ಬಿ ಪರದೆಯ ಮುಂದಿನ ದೊಡ್ಡ ಕುರ್ಚಿಯನ್ನು ಎಳೆದು ಅತ್ತಿಗೆಯ ಕಡೆ ತಿರುಗಿಸಿದಳು.

"ಕೂತ್ಕೊಳ್ಳಿ. ನೀವೇ ನಡೆಸಿ."

"ನನಗೆ ತಾಳಗೀಳ ತಿಳಿಯಲ್ಲ ಕಣೇ."

"ಅದು ನನಗೆ ತಿಳಿಯುತ್ತೆ. ಹೇಳ್ತೀನಿ, ನೀವು ಮಾಡಿ. ಬರೋ ಸೋಮವಾರದಿಂದಲೂ ಹೀಗೇ."

ಗುಬ್ಬಿ ಹೋಗಿ ಮೇಡಂ ಪಕ್ಕದಲ್ಲಿ ಸೋಫಾಕ್ಕೆ ಒರಗಿದಳು. ಅತ್ತಿಗೆ ಕುರ್ಚಿಯನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಳು, ಮೂರು ಒತ್ತಿದಳು. ಹದಿನಾಲ್ಕಕ್ಕೂ ಬಾಯಿ ಕಟ್ಟಿದೆಯೇ ಎಂದು ಒಂದೊಂದಾಗಿ ಎಣಿಸಿ ನೋಡಿದಳು. ಪ್ಲೇ ಒತ್ತಿದಳು.

ಮೂರನೇ ದೃಶ್ಯದ ಕೊಳಲು ಬಂದಾಗ ಗುಬ್ಬಿ ಏನಾದರೂ ಹೇಳುತ್ತಾಳೇನೋ ಎಂದು ಅತ್ತಿಗೆ ಎದುರಿನ ಗಾಜಿನಲ್ಲಿ ಅವಳ ಪ್ರತಿಬಿಂಬ ನೋಡಿದಳು. ಗುಬ್ಬಿ ಕಣ್ಣು ಮುಚ್ಚಿದ್ದಳು. ಹನ್ನೆರಡು ವರ್ಷ ಈ ಕೋಣೆಯಲ್ಲಿ ಪ್ಲೇ ಒತ್ತಿದಾಗಲೆಲ್ಲ ಒಂದಲ್ಲ ಒಂದು ಕಿಟಕಿಯನ್ನು ಅಟ್ಟಿಸಿಕೊಂಡು ಹೋದವಳು, ಈಗ ಪರದೆಯನ್ನು ಅತ್ತಿಗೆಯ ಕೈಗೆ ಬಿಟ್ಟು ಬರೀ ಕೇಳುತ್ತಿದ್ದಳು. ಅತ್ತಿಗೆ ಕೊಳಲಿನ ಗುಂಡಿಯ ಮೇಲೆ ಬೆರಳಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.